ನಿದ್ದೆ ಮಾಡದ ಕೋಣೆ

ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಕೆಂಪು ಚುಕ್ಕೆ, ಹಸಿರು ಚುಕ್ಕೆ ಓಡಾಡುತ್ತಿದ್ದವು. ಯಾವ ರಕ್ತನಿಧಿಯಲ್ಲಿ ಯಾವ ಗುಂಪಿನ ರಕ್ತ ಇದೆ, ಯಾವ ಆಸ್ಪತ್ರೆಗೆ ಬೇಕಾಗಿದೆ, ಯಾವ ದಾರಿಯಲ್ಲಿ ಹೋದರೆ ಬೇಗ ಮುಟ್ಟುತ್ತದೆ—ಎಲ್ಲವನ್ನೂ ಆ ಚುಕ್ಕೆಗಳೇ ಹೇಳುತ್ತಿದ್ದವು. ಆಸ್ಪತ್ರೆಗಳ ಕಡೆಯಿಂದ ಬಂದ ಅತಿಥಿಗಳು ಕತ್ತೆತ್ತಿ ನೋಡುತ್ತಿದ್ದರು. ಅವರಲ್ಲಿ ಹಿರಿಯರಾದ ಡಾಕ್ಟರು, "ಪರವಾಗಿಲ್ವೇ!" ಎನ್ನಲು ಬಾಯಿ ತೆರೆದರು.

ತೆರೆದ ಬಾಯಿ ಮುಚ್ಚುವುದರೊಳಗೆ ಪರದೆ ಬಿಳಿಚಿಕೊಂಡಿತು.

ಚುಕ್ಕೆಗಳಿಲ್ಲ. ನಕ್ಷೆಯಿಲ್ಲ. ನಟ್ಟನಡುವೆ ಒಂದೇ ಸಾಲು—'ಈ ಕೋಣೆ ಈಗ ಇಲ್ಲ.'

ಸರಿಯಾಗಿ ಅದೇ ಕ್ಷಣಕ್ಕೆ ಬಾಗಿಲು ತಳ್ಳಿಕೊಂಡು ಗುಬ್ಬಿ ಒಳಗೆ ಬಂದಳು. ಕೈಯಲ್ಲಿ ಫೋನು. ಕೋಣೆಯಲ್ಲಿದ್ದವರೆಲ್ಲ ಪರದೆ ಬಿಟ್ಟು ಅವಳನ್ನೇ ನೋಡಿದರು.

"ಏನಾಯ್ತು?" ಎಂದಳು.



ಗುಬ್ಬಿ ಅವಳಿಗೆ ಕಚೇರಿಯವರು ಇಟ್ಟ ಹೆಸರು. ಮೈಕಟ್ಟು ಚಿಕ್ಕದು, ಕೂತಲ್ಲಿ ಕೂರುವವಳಲ್ಲ. ಮದುವೆಯಾಗಿ ಒಂದು ಮಗುವಾದರೂ ಹೆಸರು ಬದಲಾಗಲಿಲ್ಲ. ಗೋಡೆಯ ಮೇಲಿನ ಆ ಚುಕ್ಕೆಗಳೆಲ್ಲ ಅವಳ ಕೂಸು. ತಿಂಗಳುಗಟ್ಟಲೆ ಹೊತ್ತು ಹೆತ್ತದ್ದು. ಕಣ್ಣು ಮಿಟುಕಿಸುವಷ್ಟರಲ್ಲಿ ತೊಟ್ಟಿಲು ಬರಿದಾಗಿತ್ತು.

ಈ ಕಚೇರಿಯ ಪದ್ಧತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಇಲ್ಲಿ ಕೆಲಸ ಮಾಡುವವರ ಲ್ಯಾಪ್‌ಟಾಪಿನಲ್ಲಿ ಏನೂ ಇರುವುದಿಲ್ಲ. ಅದು ಬರೀ ಕಿಟಕಿ. ಕೆಲಸ ನಡೆಯುವುದೆಲ್ಲ ದೂರದ ಯಾವುದೋ ಊರಿನಲ್ಲಿ, ಬಾಡಿಗೆಗೆ ಹಿಡಿದ ಯಂತ್ರಗಳಲ್ಲಿ. ಅದನ್ನು ಎಲ್ಲರೂ ಮೋಡ ಎನ್ನುತ್ತಾರೆ. ಮೋಡದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಕಿಟಕಿ ಮುಚ್ಚಿ ಮನೆಗೆ ಹೋದರೂ ಕೋಣೆ ಅಲ್ಲೇ ಇರುತ್ತದೆ. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ತಾನಾಗಿ ಮಲಗುತ್ತದೆ. ಮಾರನೆಯ ದಿನ ಕರೆದರೆ ಮೈಮುರಿದು ನಿಧಾನವಾಗಿ ಏಳುತ್ತದೆ. ಮುಗಿದ ಕೆಲಸವನ್ನು ಕೋಣೆಯಿಂದ ತೆಗೆದು ಎಲ್ಲರಿಗೂ ಸೇರಿದ ಉಗ್ರಾಣದಲ್ಲಿ ಇಡಬೇಕು. ಉಗ್ರಾಣಕ್ಕೆ ಹೋದದ್ದು ಕಳೆಯುವುದಿಲ್ಲ. ಆದರೆ ಅರೆಬೆಂದದ್ದನ್ನು ಅಲ್ಲಿಗೆ ಹಾಕಕೂಡದೆಂದು ಕಚೇರಿಯ ಯಜಮಾನಿಯ ಅಪ್ಪಣೆ. ಗುಬ್ಬಿಗೂ ಆತುರವಿರಲಿಲ್ಲ. ಮೋಡದಲ್ಲಿದೆಯಲ್ಲ, ಎಲ್ಲಿಗೆ ಹೋದೀತು?

ಹೋಗಿಯೇ ಬಿಟ್ಟಿತ್ತು.

ಕೋಣೆಗಳ ಬೀಗದ ಕೈ ಇರುವುದು ಮೇಸ್ತ್ರಿಯ ಹತ್ತಿರ. ಯಾರ ಕೋಣೆ ಎಲ್ಲಿ, ಯಾವಾಗ ತೆರೆಯಿತು, ಯಾವಾಗ ಮಲಗಿತು ಎಂಬುದೆಲ್ಲ ಅವನ ಸುಪರ್ದಿ. ಅವನು ತನ್ನ ಕಿಟಕಿಯಲ್ಲಿ ಇಣುಕಿದ.

"ಮೊದಲು ಒಳಗಿದ್ದದ್ದನ್ನೆಲ್ಲ ಅಳಿಸಿದಾರೆ. ಆಮೇಲೆ ಕೋಣೆನೇ ಕೆಡವಿದಾರೆ."

"ಯಾರು?" ಯಜಮಾನಿಯ ದನಿ ಚಾಕುವಿನಂತಿತ್ತು.

ಮೇಸ್ತ್ರಿ ದಾಖಲೆಯನ್ನು ಇನ್ನೊಮ್ಮೆ ಓದಿದ. "ಗುಬ್ಬಿ ಹೆಸರು ತೋರಿಸ್ತಾ ಇದೆ."

"ನಾನಾ?" ಗುಬ್ಬಿ ನಕ್ಕೇಬಿಟ್ಟಳು. ಆ ನಗು ಯಾರಿಗೂ ಅಂಟಲಿಲ್ಲ.

"ಎಲ್ಲರೂ ಇಲ್ಲೇ ಇದ್ರು," ಎಂದಳು ಯಜಮಾನಿ. "ಲ್ಯಾಪ್‌ಟಾಪುಗಳೆಲ್ಲ ಮುಚ್ಚಿ ಆ ಮೇಜಿನ ಮೇಲಿದ್ವು. ಆಚೆ ಹೋದವಳು ನೀನೊಬ್ಬಳೇ. ಕೈಯಲ್ಲಿ ಫೋನಿತ್ತು. ಫೋನಿಂದ ಕೋಣೆ ತೆಗೆಯೋಕಾಗುತ್ತೆ ಅಲ್ವಾ ಮೇಸ್ತ್ರಿ?"

"ಆಗುತ್ತೆ. ಕಷ್ಟ. ಆದ್ರೆ ಆಗುತ್ತೆ."

"ನಮ್ಮತ್ತೆ ಫೋನು ಮಾಡಿದ್ರು! ಬಚ್ಚಲ ನಲ್ಲಿ ಕಿತ್ಕೊಂಡು ನೀರು ಮನೆ ತುಂಬಾ—"

"ಹೋದ ತಿಂಗಳು ಆಚೆ ಬೀದಿ ಕಂಪನಿಯವರು ಇವಳನ್ನ ಕರೆದಿದ್ರಲ್ಲ," ಎಂದು ಮೂಲೆಯಿಂದ ಒಂದು ದನಿ ತೂರಿಬಂತು. ಕಡ್ಡಿಯದು. ಗುಬ್ಬಿಯ ಪಕ್ಕದ ಕುರ್ಚಿಯವನು. ಮೈಯೂ ಕಡ್ಡಿ, ಮಾತೂ ಕಡ್ಡಿ. ರಕ್ತನಿಧಿಯ ಕೆಲಸ ತನಗೆ ಸಿಗಬೇಕಿತ್ತೆಂಬ ಕೊರಗು ಅವನಿಗೆ ಇನ್ನೂ ಇತ್ತು.

"ಕರೆದ್ರು. ನಾನು ಹೋದ್ನಾ?"

"ಹೋಗಿಲ್ಲ ಅಂತ ನೀನೇ ಹೇಳ್ಬೇಕು."

ಅತಿಥಿಗಳು ಮುಖ ಮುಖ ನೋಡಿಕೊಂಡರು. ಡಾಕ್ಟರು ಮೆಲ್ಲಗೆ ಹೇಳಿದರು: "ನಾವು ಸಂಜೆವರೆಗೂ ಊರಲ್ಲಿರ್ತೀವಿ. ಅಷ್ಟರೊಳಗೆ ಏನಾದ್ರೂ ತೋರಿಸಿದ್ರೆ ಸರಿ. ಇಲ್ಲದಿದ್ರೆ ಬೇರೆ ಕಡೆ ನೋಡ್ತೀವಿ."

ಅವರು ಲಿಫ್ಟಿನಲ್ಲಿ ಇಳಿದ ಮೇಲೆ ಯಜಮಾನಿ ಗುಬ್ಬಿಯ ಕಡೆ ತಿರುಗಿದಳು. "ಸಂಜೆ ನಾನು ದೂರು ಕೊಡ್ತೀನಿ. ಬೇರೆಯವರ ಹೆಸರು ಸಿಕ್ಕಿದ್ರೆ ಅವರ ಮೇಲೆ. ಸಿಗದಿದ್ರೆ ನಿನ್ನ ಮೇಲೆ."

ಗುಬ್ಬಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಆದರೆ ಕಟ್ಟಿದ ಕೆಲಸವನ್ನು ತಾನೇ ಕೆಡವಿದವಳು ಎಂಬ ಹೆಸರು ಅಂಟಿಕೊಂಡರೆ? ಈ ಕಸುಬಿನಲ್ಲಿ ಇನ್ನು ಯಾರು ಅವಳ ಕೈಗೆ ಕೋಣೆಯ ಬೀಗದ ಕೈ ಕೊಟ್ಟಾರು? ಕೂತಳು, ಎದ್ದಳು. ಕಿಟಕಿಯ ಹತ್ತಿರ ಹೋದಳು, ವಾಪಸು ಬಂದಳು. ಚಪ್ಪಲಿಯೊಳಗೆ ಬೆರಳುಗಳು ತಾವಾಗಿಯೇ ಕುಣಿಯುತ್ತಿದ್ದವು.

ಹೆಗಲ ಮೇಲೆ ಒಂದು ಕೈ ಬಿತ್ತು. ದೊಡ್ಡಣ್ಣ. ಕಚೇರಿಗೆಲ್ಲ ಹಿರಿಯ. ಗುಬ್ಬಿ ಕೆಲಸಕ್ಕೆ ಸೇರಿದ ಮೊದಲ ದಿನ ಪಕ್ಕದಲ್ಲಿ ಕೂತು ಹೇಳಿಕೊಟ್ಟವರು.

"ಹೆದರ್ಬೇಡ ಮರಿ. ನೀನಲ್ಲ ಅಂತ ನನಗೆ ಗೊತ್ತು. ಮೋಡದ ಯಂತ್ರ ಕೈಕೊಟ್ಟಿದೆ, ಅಷ್ಟೆ. ಕಣ್ಣಿಗೆ ಕಾಣದ್ದನ್ನ ನಂಬಬೇಡಿ ಅಂತ ಬಾಯಿ ನೋಯೋವರೆಗೂ ಹೇಳಿದೆ. ಕೇಳಿದ್ರಾ?"

ಕೇಳಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಯಂತ್ರ ಒಪ್ಪಿಸಿ ಮೋಡಕ್ಕೆ ಹೋದಾಗಲೂ ದೊಡ್ಡಣ್ಣನ ಮೇಜಿನ ಕೆಳಗೆ ಅವರ ಹಳೆಯ ಕಂಪ್ಯೂಟರ್ ಪೆಟ್ಟಿಗೆ ಗುಂಯ್‌ಗುಡುತ್ತಲೇ ಇತ್ತು. "ಕಟ್ಟಿಕೊಂಡವಳನ್ನ ಬಿಟ್ಟು ಬಾಡಿಗೆ ಮನೆಗೆ ಹೋಗು ಅಂತೀರಲ್ಲ," ಎಂದು ಅವರು ನಗಿಸುತ್ತಿದ್ದರು. ಮುಂದಿನ ವಾರ ಅದೂ ಹೋಗತಕ್ಕದ್ದೆಂದು ಯಜಮಾನಿ ಖಡಾಖಂಡಿತವಾಗಿ ಹೇಳಿಯಾಗಿತ್ತು.

ಕಚೇರಿಯ ಕೆಲಸಕ್ಕೆ ವಿಮೆಯಿತ್ತು; ಯಜಮಾನಿಯ ಕರೆಗೆ ಮಧ್ಯಾಹ್ನದ ಹೊತ್ತಿಗೆ ವಿಮಾ ಕಂಪನಿಯ ತನಿಖೆಗಾರ್ತಿ ಬಂದಳು. ದಪ್ಪನೆಯ ಹೆಂಗಸು, ಮಂಡಿನೋವು; ಕುರ್ಚಿ ಕಂಡರೆ ಮೊದಲು ಕೂತು ಆಮೇಲೆ ನಮಸ್ಕಾರ ಹೇಳುವವಳು. ಮೊದಲು ಸುಟ್ಟ ಕಟ್ಟಡಗಳ ತನಿಖೆ ಮಾಡುತ್ತಿದ್ದವಳು, ಕೆಲವು ವರ್ಷಗಳಿಂದ ಇಂಥ ಹೊಗೆಯಿಲ್ಲದ ಬೆಂಕಿಗಳನ್ನೂ ನೋಡುತ್ತಿದ್ದಳು. ಇದು ತಿಳಿದ ಕೂಡಲೇ ಕಡ್ಡಿ ಅವಳಿಗೆ ಬೆಂಕಿಯಮ್ಮ ಎಂದು ಹೆಸರಿಟ್ಟ.

"ಕೇಳಿಸ್ತು," ಎಂದಳು ಆಕೆ ತಿರುಗದೆಯೇ. "ಇನ್ನೂ ಕೆಟ್ಟದಾಗಿ ಕರೆಸಿಕೊಂಡಿದ್ದೀನಿ. ಬಾ, ಮೊದಲು ನೀನೇ ಕೂತ್ಕೋ."

ಕಡ್ಡಿ ಕೂತ. ಗುಬ್ಬಿ ಗಾಜಿನ ಗೋಡೆಗೆ ಆತು ನಿಂತಳು. ಹೋಗೆಂದು ಯಾರೂ ಹೇಳಲಿಲ್ಲ.

"ನಿನಗೂ ಇವಳಿಗೂ ಆಗಲ್ಲ ಅಂತೆ?"

"ಆಗಲ್ಲ ಅಂತಲ್ಲ. ಇವಳು ಮೇಜು ಅಲ್ಲಾಡಿಸ್ತಾಳೆ. ದಿನವಿಡೀ ಭೂಕಂಪ."

"ನಿನ್ನೆ ಇವಳ ಕೋಣೆಗೆ ಹೋಗಿದ್ಯಾ?"

"ಹೋಗಿದ್ದೆ. ಅವಳೇ ಕರೆದಳು. ಒಂದು ತೊಡಕು ಬಂದಿತ್ತು, ಜೊತೆಗೈ ಹಾಕು ಅಂದಳು."

"ಜೊತೆಗೈ ಅಂದ್ರೆ?"

"ಇಬ್ಬರು ಒಂದೇ ಕೋಣೆಗೆ ಹೋಗಿ ಬರೆಯೋದು. ನಾನು ನನ್ನ ಮೇಜಲ್ಲೇ ಇರ್ತೀನಿ, ಅವಳ ಕೋಣೆಲಿ ನನ್ನ ಕೈ ಓಡಾಡುತ್ತೆ."

"ನೀನು ಬರೆದದ್ದು ಯಾರ ಹೆಸರಲ್ಲಿ ದಾಖಲಾಗುತ್ತೆ?"

ಕಡ್ಡಿ ತಡವರಿಸಿದ. "ಕೋಣೆ ಯಾರದೋ ಅವರ ಹೆಸರಲ್ಲಿ."

"ಇದನ್ನ ಬೆಳಿಗ್ಗೆ ಯಜಮಾನಿಗೆ ಹೇಳಿದ್ಯಾ?"

"ಅವರು ಕೇಳ್ಲಿಲ್ಲ."

"ಕೇಳದಿದ್ರೂ ಹೋದ ತಿಂಗಳ ಸುದ್ದಿ ಹೇಳೋಕೆ ನಾಲಿಗೆ ಹೊರಳ್ತು, ಇದಕ್ಕೆ ಹೊರಳ್ಲಿಲ್ಲ?"

ಕಡ್ಡಿಯ ಕಿವಿ ಕೆಂಪಾಯಿತು. "ನಾನೇನೂ ಮಾಡಿಲ್ಲ ಮೇಡಂ. ತೊಡಕು ನನ್ನ ಕೈಲೂ ಬಿಡಿಸೋಕಾಗ್ಲಿಲ್ಲ. ಬೆಳಕಿದ್ದಾಗಲೇ ಮನೆಗೆ ಹೋದೆ. ಹಲ್ಲುನೋವು."

ಮೇಸ್ತ್ರಿಯ ಸರದಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನದು. ಕೇಳುವ ಮೊದಲೇ ಶುರುಮಾಡಿದ.

"ಬೀಗದ ಕೈ ನನ್ನ ಹತ್ರ ಇದೆ, ನಿಜ. ಹಾಗಂತ ಬೇಲಿಯೇ ಎದ್ದು ಹೊಲ ಮೇಯುತ್ತಾ ಮೇಡಂ?"

"ಮೇಯ್ದದ್ದನ್ನ ನೋಡಿದ್ದೀನಿ. ನಿನ್ನೆ ಇವಳ ಕೋಣೆಗೆ ಹೋಗಿದ್ಯಾ?"

"ಹೋಗಿದ್ದೆ. ಅದೇ ತೊಡಕು. ಸಂಜೆ ದೊಡ್ಡಣ್ಣನೂ ಹೋಗಿದ್ರು. ಮೂರೂ ಜನರ ಹೆಸರು ಬಂದವರ ಪಟ್ಟಿಲಿ ಇದೆ. ಒಳಗೆ ಏನು ಮಾಡಿದ್ರು ಅನ್ನೋದು ಮಾತ್ರ ಕೋಣೆ ಜೊತೆನೇ ಹೋಯ್ತು."

"ಕೋಣೆಗಳ ನಕಲು ಇಟ್ಟಿಲ್ವಾ?"

"ಕೋಣೆ ಅಂದ್ರೆ ಛತ್ರ ಇದ್ದ ಹಾಗೆ ಮೇಡಂ. ಬರ್ತಾರೆ, ಹೋಗ್ತಾರೆ. ಉಗ್ರಾಣಕ್ಕೆ ನಕಲಿದೆ. ಛತ್ರಕ್ಕೆ ಯಾರು ಇಡ್ತಾರೆ?"

ಆಮೇಲೆ ದೊಡ್ಡಣ್ಣ ಬಂದರು. ಕುರ್ಚಿ ಎಳೆದುಕೊಂಡು, ಕೇಳುವ ಮೊದಲೇ ಗುಬ್ಬಿಯ ಪರವಾಗಿ ಮಾತಿಗಿಳಿದರು.

"ಆ ಮಗುವನ್ನ ಯಾಕೆ ಹಿಂಸೆ ಮಾಡ್ತೀರಿ? ಯಂತ್ರ ಕೆಟ್ಟಿದೆ ಅಂತ ಬರೆದು ಮುಗಿಸಿ."

"ಯಂತ್ರ ಕೆಟ್ಟರೆ ಹೆಸರು ಬರಲ್ಲ ಸ್ವಾಮಿ. ಇಲ್ಲಿ ಹೆಸರು ಬಂದಿದೆ. ನೀವು ಪರದೆ ಆರಿದಾಗ ಎಲ್ಲಿದ್ರಿ?"

"ಡಾಕ್ಟರ ಪಕ್ಕದಲ್ಲೇ. ಅವರಿಗೆ ಚುಕ್ಕೆಗಳನ್ನ ವಿವರಿಸ್ತಿದ್ದೆ. ಎರಡೂ ಕೈ ಮೇಲೆತ್ತಿ ತೋರಿಸ್ತಿದ್ದೆ. ಎಲ್ಲರೂ ನೋಡಿದ್ದಾರೆ."

"ಹೂಂ, ನೋಡಿದ್ದಾರೆ," ಎಂದಳು ಆಕೆ. ಅಷ್ಟೇ ಬರೆದುಕೊಂಡಳು.

ಕೊನೆಗೆ ಗುಬ್ಬಿಯ ಅತ್ತೆಗೇ ಫೋನು ಮಾಡಿದಳು. ಸ್ಪೀಕರಿನಲ್ಲಿ ಬಕೆಟ್ಟಿನ ಸದ್ದು, ಮಗುವಿನ ಕೇಕೆ, ಅದರ ಮೇಲೆ ಅತ್ತೆಯ ಗಂಟಲು.

"ಹೂಂ ಕಣಮ್ಮ, ನಾನೇ ಮಾಡಿದ್ದು. ನಲ್ಲಿ ಕೈಗೇ ಬಂತು! ನೀರು ಎಲ್ಲಿ ನಿಲ್ಲಿಸೋದು ಅಂತ ಇವಳಿಗೆ ಮಾತ್ರ ಗೊತ್ತು. ನನ್ನ ಮಗ ಇದ್ದಾನಲ್ಲ, ಅವನಿಗೆ ಊಟದ ತಟ್ಟೆ ಎಲ್ಲಿದೆ ಅಂತಲೂ ಗೊತ್ತಿಲ್ಲ."

"ಮಾತಾಡುವಾಗ ನಿಮ್ಮ ಸೊಸೆ ಮಧ್ಯೆ ಸುಮ್ಮನಾದ್ರಾ?"

"ಅವಳಾ? ಅವಳು ಸುಮ್ಮನಾಗಿದ್ದನ್ನ ಮದುವೆ ಮಂಟಪದಲ್ಲಿ ಒಂದು ಸಲ ನೋಡಿದ್ದೆ. ಯಾಕಮ್ಮ, ಏನಾಯ್ತು?"

"ಏನೋ ಕಳೆದಿದೆ. ಅವರ ಮೇಲೆ ಅನುಮಾನ."

ಬಕೆಟ್ಟಿನ ಸದ್ದು ನಿಂತಿತು. "ನೋಡಿ, ಅವಳು ಸೋಮಾರಿ ಅನ್ನಿ, ಒಪ್ಪಿಕೊಳ್ತೀನಿ. ಬಟ್ಟೆ ಮಡಚೋಕೆ ಬರಲ್ಲ ಅನ್ನಿ, ನಾನೇ ಸಾಕ್ಷಿ ಹೇಳ್ತೀನಿ. ಕಳ್ಳಿ ಅಂದ್ರೆ ಮಾತ್ರ ಈ ಒದ್ದೆ ಸೀರೆಲೇ ಅಲ್ಲಿಗೆ ಬರ್ತೀನಿ!"

ಗುಬ್ಬಿ ಗಾಜಿನ ಕಡೆಗೆ ಮುಖ ತಿರುಗಿಸಿಕೊಂಡಳು. ಬೆಳಿಗ್ಗೆಯಿಂದ ತಡೆದದ್ದು ಈಗ ಕಣ್ಣಿಗೆ ಬಂದಿತ್ತು.

ಆದರೆ ಅತ್ತೆಯ ಸಾಕ್ಷಿ ಎಷ್ಟು ನಿಂತೀತು? ಮಾತಾಡುತ್ತಲೇ ಬೆರಳು ಓಡಿಸಬಹುದಲ್ಲ ಎಂದು ಯಜಮಾನಿ ಆಗಲೇ ಹೇಳಿಯಾಗಿತ್ತು. ಹೊರಗೆ ಬಿಸಿಲು ಎದುರು ಕಟ್ಟಡದ ನೆತ್ತಿಯಿಂದ ಎದೆಗೆ ಇಳಿದಿತ್ತು. ಲಿಫ್ಟು ಸದ್ದು ಮಾಡಿದಾಗಲೆಲ್ಲ ಗುಬ್ಬಿ ಬೆಚ್ಚುತ್ತಿದ್ದಳು.

"ನಿನ್ನ ಜಾಗ ತೋರಿಸು," ಎಂದಳು ತನಿಖೆಗಾರ್ತಿ.

ಮೇಜಿನ ಮೇಲೆ ವಿಶೇಷವೇನೂ ಇರಲಿಲ್ಲ. ಮಗಳು ಬಣ್ಣ ಹಚ್ಚಿದ ಒಂದು ಕಲ್ಲು, ಹೇರ್‌ಪಿನ್ನು, ಒಂದು ಪಿಂಗಾಣಿ ಲೋಟ. ಆಕೆ ಲೋಟ ಎತ್ತಿ ಒಳಗೆ ನೋಡಿದಳು. ತಳದಲ್ಲಿ ಕಾಫಿ ಒಣಗಿ ಕಪ್ಪು ಉಂಗುರವಾಗಿತ್ತು.

"ಇದು ಇವತ್ತಿನದಾ?"

ಈ ಮುದುಕಿಗೆ ತಲೆ ಕೆಟ್ಟಿದೆಯೇ ಎನ್ನಿಸಿತು ಗುಬ್ಬಿಗೆ. ಇಲ್ಲಿ ಬಾಳು ಮುಳುಗುತ್ತಿದೆ, ಲೋಟದ ಲೆಕ್ಕ ಕೇಳುತ್ತಾಳೆ! "ನಿನ್ನೆದು. ತೊಳೆದಿಲ್ಲ."

"ದಿನಾ ಹೀಗೇನಾ?"

"ಇಲ್ಲ. ದಿನಾ ಬೆಳಿಗ್ಗೆ ಬಂದ ತಕ್ಷಣ ತೊಳೀತೀನಿ."

"ಇವಳು ಮನೆ ಕೆಲಸ ಮರೆತ್ರೂ ಲೋಟ ಮರೆಯಲ್ಲ," ಎಂದ ಕಡ್ಡಿ ಪಕ್ಕದಿಂದ. "ಬೆಳಿಗ್ಗೆ ಕಿಟಕಿ ತೆಗೀತಾಳೆ, ಕೋಣೆನ ಕರೀತಾಳೆ, ಅದು ಏಳೋದರೊಳಗೆ ಲೋಟ ತೊಳೆದು, ನಾಲ್ಕು ಜನರ ಹತ್ರ ಹರಟಿ ಬರ್ತಾಳೆ."

"ಇವತ್ತು ಯಾಕೆ ತೊಳೀಲಿಲ್ಲ?"

ಗುಬ್ಬಿ ಕಣ್ಣು ಮುಚ್ಚಿದಳು. ಬೆಳಿಗ್ಗೆಯನ್ನು ಮತ್ತೆ ಕಣ್ಣಮುಂದೆ ತಂದುಕೊಂಡಳು. ಬಂದದ್ದು, ಚೀಲ ಇಟ್ಟದ್ದು, ಕಿಟಕಿ ತೆರೆದದ್ದು, ಲೋಟಕ್ಕೆ ಕೈಹಾಕಿದ್ದು—

"ಹೊತ್ತೇ ಸಿಗ್ಲಿಲ್ಲ. ಕೋಣೆ ತಕ್ಷಣ ತೆರೀತು. ಅತಿಥಿಗಳು ಬರೋ ದಿನ, ಒಳ್ಳೆ ಶಕುನ ಅಂದುಕೊಂಡು ಕೂತುಬಿಟ್ಟೆ."

ತನಿಖೆಗಾರ್ತಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

"ಎಲ್ಲರನ್ನೂ ಕರಿ. ಮೇಸ್ತ್ರಿ, ಮೋಡದವರು ಕೋಣೆ ಎಚ್ಚರವಿದ್ದ ಹೊತ್ತಿಗೆ ಮೀಟರು ಓಡಿಸ್ತಾರಲ್ಲ? ಕೋಣೆ ಹೋದ್ರೂ ಮೀಟರಿನ ಗುರುತು ಉಳಿದಿರುತ್ತೆ. ನಿನ್ನೆ ರಾತ್ರಿ ಇವಳ ಕೋಣೆ ಮಲಗಿತ್ತಾ ನೋಡು."

ಎಲ್ಲರೂ ಬಂದು ನಿಂತರು. ಖಾಲಿ ಪರದೆ ಗೋಡೆಯ ಮೇಲೆ ಇನ್ನೂ ಬೆಳ್ಳಗೆ ಬೆಳಗುತ್ತಿತ್ತು. ಮೇಸ್ತ್ರಿ ಕಿಟಕಿಯಿಂದ ತಲೆ ಎತ್ತಿದ.

"ಮಲಗೇ ಇಲ್ಲ ಮೇಡಂ. ರಾತ್ರಿಯಿಡೀ ಎಚ್ಚರ ಇತ್ತು."

"ಇವಳು ಫೋನಿಂದ ಅಳಿಸಿದ್ದಾಗಿದ್ರೆ ಕೋಣೆ ರಾತ್ರಿ ಜಾಗರಣೆ ಮಾಡೋ ಅಗತ್ಯ ಏನಿತ್ತು? ಮಲಗಿ, ಬೆಳಿಗ್ಗೆ ಎದ್ದು, ಅಳಿಸಿಕೊಂಡಿದ್ರೆ ಸಾಕಿತ್ತು." ಆಕೆ ಮಂಡಿ ನೀವಿಕೊಂಡಳು. "ಎಚ್ಚರ ಬೇಕಾಗಿದ್ದದ್ದು ಇನ್ನೊಬ್ಬರಿಗೆ. ನಿನ್ನೆ ಜೊತೆಗೈ ಹಾಕೋಕೆ ಬಂದು, ಕೋಣೆ ಮೂಲೆಲಿ ಒಂದು ಅಲಾರಂ ಇಟ್ಟುಹೋದವರಿಗೆ. ನಾಳೆ ಇಷ್ಟು ಹೊತ್ತಿಗೆ ಎಲ್ಲ ಅಳಿಸು, ಕೋಣೆ ಕೆಡವು ಅಂತ. ಆದ್ರೆ ಮಲಗಿದ ಕೋಣೆಲಿ ಅಲಾರಂ ಹೊಡೆಯಲ್ಲ. ಅಲ್ವಾ ಮೇಸ್ತ್ರಿ?"

"ಮಲಗಿದ್ರೆ ಅದರಲ್ಲಿ ಓಡ್ತಿದ್ದದ್ದೆಲ್ಲ ಸತ್ತುಹೋಗುತ್ತೆ. ಎದ್ದ ಮೇಲೆ ನೆನಪೇ ಇರಲ್ಲ."

"ಹಾಗಾದ್ರೆ ಯಾರೂ ಮುಟ್ಟದ ಕೋಣೆ ಎಚ್ಚರ ಇರ್ಬೇಕಾದ್ರೆ?"

"ನನ್ನ ಹತ್ರ ಇರೋ ಬೀಗದ ಕೈಯಿಂದ ಒಂದು ಗುಂಡಿ ಒತ್ತಿದ್ರೆ—" ಮೇಸ್ತ್ರಿ ನಾಲಿಗೆ ಕಚ್ಚಿಕೊಂಡ.

"ಒತ್ತಿದ್ರೆ ಅದರ ಗುರುತು ನಿನ್ನ ಹೆಸರಲ್ಲೇ ಇರ್ತಿತ್ತು. ಇಲ್ಲ. ಬೇರೆ ದಾರಿ?"

"ಯಾರಾದ್ರೂ ಆ ಕೋಣೆಯ ಪುಟ ತೆರೆದಿಟ್ಟು ನೋಡ್ತಾ ಇದ್ರೆ..." ಅವನ ಮಾತು ಅರ್ಧಕ್ಕೇ ನಿಂತಿತು. ಕಣ್ಣು ಗೋಡೆಗೆ ಹೋಯಿತು. ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ಅಲ್ಲಿಗೇ ಹೋದವು.

"ಈ ಪರದೆ," ಎಂದಳು ತನಿಖೆಗಾರ್ತಿ. "ಬೆಳಿಗ್ಗೆಯಿಂದ ಎಲ್ಲರೂ ಇದನ್ನ ಹೆಣ ನೋಡಿದ ಹಾಗೆ ನೋಡಿದ್ರಿ. ಕೋಣೆ ಸತ್ತದ್ದನ್ನ ಸಾರಿದ ಪರದೆ ಅಂತ. ರಾತ್ರಿಯಿಡೀ ಅದನ್ನ ಮಲಗೋಕೆ ಬಿಡದೆ ಕಾದದ್ದೂ ಇದೇ. ಯಜಮಾನಿಯವರೇ, ಇದನ್ನ ದಿನಾ ಸಂಜೆ ಆರಿಸೋದಿಲ್ವಾ?"

"ಆರಿಸ್ತೀನಿ. ನಾನೇ ಆರಿಸ್ತೀನಿ." ಯಜಮಾನಿಯ ಹುಬ್ಬು ಗಂಟಾಯಿತು. "ನಿನ್ನೆ ಮಾತ್ರ..."

"ನಿನ್ನೆ ಮಾತ್ರ?"

"ಬೆಳಿಗ್ಗೆ ಅತಿಥಿಗಳು ಬರ್ತಾರೆ, ಹಾಗೇ ಇರ್ಲಿ, ಗುಬ್ಬಿ ಕೆಲಸ ಬಾಗಿಲಿಗೇ ಕಾಣಲಿ ಅಂದ್ರು."

"ಯಾರು?"

ಯಜಮಾನಿ ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕಡ್ಡಿ ಬೆಳಕಿದ್ದಾಗಲೇ ಮನೆಗೆ ಹೋಗಿದ್ದ. ಗುಬ್ಬಿ ನಿಧಾನವಾಗಿ ತಿರುಗಿದಳು. ಅವಳ ಕೆಲಸವನ್ನು ಗೋಡೆಗೆ ಹಾಕಿಸಿದ್ದೇ ಅವರು. ಬಂದವರಿಗೆಲ್ಲ 'ನಮ್ಮ ಮರಿ ಮಾಡಿದ್ದು' ಎಂದು ತೋರಿಸುತ್ತಿದ್ದವರೂ ಅವರೇ.

"ದೊಡ್ಡಣ್ಣ?"

ದೊಡ್ಡಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು.

"ನೀವು ಪರದೆ ಆರೋ ಹೊತ್ತಲ್ಲಿ ಎರಡೂ ಕೈ ಎತ್ತಿ ನಿಂತಿದ್ರಿ," ಎಂದಳು ತನಿಖೆಗಾರ್ತಿ. "ಎಲ್ಲರಿಗೂ ಕಾಣೋ ಹಾಗೆ. ಉಳಿದವರನ್ನ ಕೈ ಎಲ್ಲಿತ್ತು ಅಂತ ಕೇಳಿದ್ರೆ ಯಾರಿಗೂ ನೆನಪಿರಲ್ಲ. ನಿಮಗೆ ಮಾತ್ರ ಕೇಳದೇ ನೆನಪಿತ್ತು."

"ಇವಳ ಮೇಲೆ ನನಗೇನೂ ದ್ವೇಷ ಇಲ್ಲ," ಎಂದರು ದೊಡ್ಡಣ್ಣ.

"ಗೊತ್ತು. ದ್ವೇಷ ಮೋಡದ ಮೇಲೆ. ಅತಿಥಿಗಳ ಎದುರಿಗೇ ಮೋಡ ಕೈಕೊಟ್ರೆ, ಯಜಮಾನಿ ಹೆದರಿ ಎಲ್ಲರಿಗೂ ಅವರವರ ಯಂತ್ರ ವಾಪಸು ಕೊಡ್ತಾರೆ ಅಂದುಕೊಂಡ್ರಿ. ನಿಮ್ಮ ಪೆಟ್ಟಿಗೆ ಉಳಿಯುತ್ತೆ ಅಂತ."

"ಪೆಟ್ಟಿಗೆ ಅಲ್ಲಮ್ಮ, ನಾನು ಉಳೀತೀನಿ ಅಂತ." ದೊಡ್ಡಣ್ಣನ ದನಿ ಒಡೆಯಿತು. "ನನ್ನ ಕೆಲಸ ನನ್ನ ಕಾಲ ಹತ್ರ ಇರ್ಬೇಕು. ಕೈ ಇಟ್ಟರೆ ಬೆಚ್ಚಗಿರ್ಬೇಕು. ಎಲ್ಲೋ ಇರೋ ಕೋಣೆಗೆ ಕಿಟಕಿಲಿ ಇಣುಕಿ ಬದುಕು ಅಂದ್ರೆ ನನಗೆ ಆಗ್ಲಿಲ್ಲ. ಯಂತ್ರ ಕೆಟ್ಟಿತು ಅಂತಾರೆ ಅಂದುಕೊಂಡಿದ್ದೆ. ಇವಳ ಹೆಸರು ಬರುತ್ತೆ ಅಂತ..."

"ಅಂತ ಗೊತ್ತಿರ್ಲಿಲ್ವಾ?" ಗುಬ್ಬಿ ಕೇಳಿದಳು. "ಜೊತೆಗೈ ಹಾಕಿದ್ರೆ ಯಾರ ಹೆಸರು ಬೀಳುತ್ತೆ ಅಂತ ನನಗೆ ಹೇಳಿಕೊಟ್ಟವರೇ ನೀವು."

"ಹೊಳೀಲಿಲ್ಲ ಮರಿ. ಆಣೆ ಮಾಡಿ ಹೇಳ್ತೀನಿ, ಆ ಹೊತ್ತಲ್ಲಿ ಹೊಳೀಲಿಲ್ಲ. ನನ್ನ ಪೆಟ್ಟಿಗೆಲಿ ಕೂತವನಲ್ವಾ, ಅಲ್ಲಿ ಮಾಡಿದ್ದೆಲ್ಲ ನನ್ನದೇ. ಹೆಸರಿನ ಯೋಚನೆನೇ ಇರಲ್ಲ."

"ಬೆಳಿಗ್ಗೆ ಹೊಳೀತಲ್ಲ?"

ದೊಡ್ಡಣ್ಣ ಕನ್ನಡಕ ಮತ್ತೆ ಏರಿಸಿಕೊಂಡರು.

"ಬೆಳಿಗ್ಗೆ ಮೇಸ್ತ್ರಿ ನನ್ನ ಹೆಸರು ಓದಿದಾಗ ನೀವು ನನ್ನ ಹೆಗಲ ಮೇಲೆ ಕೈ ಇಟ್ರಿ. ಬಾಯಿ ಬಿಡ್ಲಿಲ್ಲ. ಈಗ ಸಂಜೆ ಆಗ್ತಾ ಬಂತು."

ಅವರು ಕುರ್ಚಿ ಹುಡುಕಿಕೊಂಡು ಕೂತರು. ಮುದುಕರಾದಂತೆ ಕಂಡರು. ಗುಬ್ಬಿಗೆ ಸಿಟ್ಟು ಬರಬೇಕಿತ್ತು, ಬಂದಿತ್ತು ಕೂಡ. ಆದರೆ ಅದು ಎಲ್ಲಿ ಇಳಿಯಬೇಕೆಂದು ತಿಳಿಯದೆ ಎದೆಯಲ್ಲೇ ಸುತ್ತುತ್ತಿತ್ತು.

"ಇನ್ನೊಂದು ಪ್ರಶ್ನೆ," ಎಂದಳು ತನಿಖೆಗಾರ್ತಿ. "ಇವಳ ಕೆಲಸದ ನಕಲು ಎಲ್ಲಿ?"

"ನಕಲಾ?" ಯಜಮಾನಿ ಬೆಚ್ಚಿದಳು.

"ನಾನು ಬೆಂಕಿ ನೋಡಿಕೊಂಡು ಬಂದವಳು. ತಮ್ಮ ಮನೆಗೆ ತಾವೇ ಕಿಚ್ಚು ಇಡೋರು ಮೊದಲು ಮದುವೆ ಫೋಟೋ ಆಚೆ ಸಾಗಿಸ್ತಾರೆ. ಸುಟ್ಟ ಮನೆಲಿ ಫೋಟೋ ಬೂದಿ ಸಿಗದಿದ್ರೆ ನನಗೆ ಅರ್ಥ ಆಗಿಬಿಡ್ತಿತ್ತು. ಇವರು ಇವಳ ಕೆಲಸನ ಗೋಡೆಗೆ ಹಾಕಿ ಕುಣಿದವರು. ಇಂಥವರು ನಕಲಿಲ್ಲದೆ ಅಳಿಸಲ್ಲ. ಮೋಡ ಕೈಕೊಟ್ಟ ಮೇಲೆ, ಚಿಂತೆ ಬೇಡ, ನನ್ನ ಪೆಟ್ಟಿಗೆಲಿ ಇದೆ ಅಂತ ಬರೋದಿತ್ತು. ಅದರಿಂದಲೇ ಅವರ ವಾದ ಗೆಲ್ಲಬೇಕಿದ್ದದ್ದು. ಆದ್ರೆ ಇವಳ ಹೆಸರು ಬಂದ ಮೇಲೆ ನಕಲು ತೆಗೆದ್ರೆ, ನಿಮಗೆ ಹೇಗೆ ಬಂತು ಅಂತ ಕೇಳ್ತಾರೆ. ಅಲ್ವಾ?"

ದೊಡ್ಡಣ್ಣ ಕೈಯೆತ್ತಿ ತಮ್ಮ ಮೇಜಿನ ಕಡೆ ತೋರಿಸಿದರು. ಅದರ ಕೆಳಗೆ ಪೆಟ್ಟಿಗೆ ಗುಂಯ್‌ಗುಡುತ್ತಿತ್ತು.

ಗುಬ್ಬಿ ಓಡಿದಳು.

ಆಮೇಲಿನದು ಓಟವೇ. ಮೇಸ್ತ್ರಿ ಮೋಡದಲ್ಲಿ ಹೊಸ ಕೋಣೆ ತೆರೆದ. ಕಡ್ಡಿ ಹೇಳಿಸಿಕೊಳ್ಳದೆಯೇ ತಂತಿ ಎಳೆದು ತಂದ. "ಹಲ್ಲುನೋವು ನಿಜವಾಗಲೂ ಇತ್ತು ಕಣೇ," ಎಂದ ನೆಲದ ಮೇಲೆ ಬಗ್ಗಿಕೊಂಡು. ಅದು ಅವನ ಕ್ಷಮಾಪಣೆ ಎಂದು ಗುಬ್ಬಿಗೆ ತಿಳಿಯಿತು. "ಮೇಜು ಅಲ್ಲಾಡಿಸೋದು ನಿಲ್ಲಿಸಲ್ಲ," ಎಂದಳು. ಯಜಮಾನಿ ಫೋನಿನಲ್ಲಿ ಡಾಕ್ಟರನ್ನು ಬೇಡಿಕೊಳ್ಳುತ್ತಿದ್ದಳು. ಬರುತ್ತೇವೆ, ಹೊರಟಿದ್ದೇವೆ ಎಂದು ಅವರು ಹೇಳಿದರಂತೆ.

ದೊಡ್ಡಣ್ಣ ಚೀಲ ಹೆಗಲಿಗೇರಿಸಿ ಬಾಗಿಲ ಬಳಿ ನಿಂತರು. ನಾಳೆಯಿಂದ ಬರುವುದಿಲ್ಲವೆಂದು ಅವರೇ ಹೇಳಿದ್ದರು. ಬೇಡವೆಂದು ಯಾರೂ ಹೇಳಿರಲಿಲ್ಲ. ವಿಮೆಯ ಪತ್ರಕ್ಕೆ ಸಹಿಯನ್ನೂ ಹಾಕಿಯಾಗಿತ್ತು.

"ಮರಿ, ನಡುವಿನ ಕಡತ ಒಂದು ನೋಡು. ಒಂದೇ ಬಾಟಲಿ ರಕ್ತಕ್ಕೆ ಎರಡು ಆಸ್ಪತ್ರೆ ಒಂದೇ ಕ್ಷಣದಲ್ಲಿ ಕೇಳಿದ್ರೆ ಇಬ್ಬರಿಗೂ ಹಸಿರು ತೋರಿಸ್ತಿತ್ತಲ್ಲ, ನಿನ್ನೆ ನಾವು ಯಾರೂ ಬಿಡಿಸೋಕಾಗದ ತೊಡಕು. ನಕಲು ಮಾಡಿದ ಮೇಲೆ ಕೂತು ನೋಡಿದೆ. ಸಿಕ್ಕಿತು. ತಿದ್ದಿದ್ದೀನಿ. ಬೇಕಾದ್ರೆ ಇಟ್ಕೋ."

ಗುಬ್ಬಿ ಕಡತ ತೆರೆದಳು. ಕೆಲವೇ ಸಾಲು. ಓದಿದಳು, ಮತ್ತೆ ಓದಿದಳು. ತಪ್ಪು ಹುಡುಕಬೇಕೆಂಬ ಆಸೆಯಿಂದಲೇ ಓದಿದಳು. ಸಿಗಲಿಲ್ಲ. ತಿದ್ದಿದ್ದು ಸರಿಯಾಗಿಯೇ ಇತ್ತು. ತಲೆ ಎತ್ತಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ.

ಈ ಸಲ ಅವಳು ಕೋಣೆಯಲ್ಲಿ ಇಟ್ಟುಕೊಂಡು ಕೂರಲಿಲ್ಲ. ಅರೆಬೆಂದದ್ದೋ ಪೂರ್ತಿ ಬೆಂದದ್ದೋ, ಎಲ್ಲವನ್ನೂ ಉಗ್ರಾಣಕ್ಕೆ ಕಳಿಸಲು ಶುರುಮಾಡಿದಳು. ಯಜಮಾನಿ ಬೇಡವೆನ್ನಲಿಲ್ಲ. ಪ್ರತಿ ಭಾಗಕ್ಕೂ ಬರೆದವರು ಯಾರೆಂದು ಉಗ್ರಾಣ ಕೇಳುತ್ತದೆ. ಗುಬ್ಬಿ ತನ್ನ ಹೆಸರು ಹಾಕುತ್ತ ಹೋದಳು. ಆ ಕೆಲವು ಸಾಲು ಬಂದಾಗ ಕೈ ನಿಂತಿತು.

"ಅಲ್ಲಿ ನಿನ್ನ ಹೆಸರೇ ಹಾಕು," ಎಂದಳು ಯಜಮಾನಿ ಹಿಂದಿನಿಂದ. "ಆ ಮನುಷ್ಯನ ಹೆಸರು ನಮ್ಮ ಕೆಲಸದಲ್ಲಿ ಬೇಡ. ಯಾರು ಕೇಳ್ತಾರೆ?"

"ಬೆಳಿಗ್ಗೆ ಅವರು ಮಾಡಿದ್ದು ನನ್ನ ಹೆಸರಲ್ಲಿತ್ತು," ಎಂದಳು ಗುಬ್ಬಿ. "ನಿಮಗೆ ಅದು ಸರಿ ಅನ್ನಿಸಿತ್ತು. ನನಗೆ ಅನ್ನಿಸಿರ್ಲಿಲ್ಲ."

ಹೊರಗೆ ಲಿಫ್ಟ್ ನಿಂತ ಸದ್ದಾಯಿತು, ಕಾರಿಡಾರಿನಲ್ಲಿ ಡಾಕ್ಟರ ದನಿ. ಗುಬ್ಬಿ ದೊಡ್ಡಣ್ಣನ ಪೂರ್ತಿ ಹೆಸರನ್ನು, ಒಂದಕ್ಷರವೂ ಬಿಡದೆ, ಆ ಸಾಲುಗಳ ಪಕ್ಕದಲ್ಲಿ ಬರೆದು ಕಳಿಸಿದಳು.